ಪೋಲೆಂಡಿನ ದಾನಮ್ಮ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಈ ವರ್ಷದ ಸಂಚಿಕೆಗೆ ಲೇಖನ ಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಮೂರು ಸಲ ಹೇಳಿದರು. ಎರಡು ಸಲ ತಲೆಯಾಡಿಸಿ ತಪ್ಪಿಸಿಕೊಂಡೆ. ಮೂರನೆಯ ಸಲ ತಪ್ಪಿಸಿಕೊಳ್ಳಲಾಗಲಿಲ್ಲ. ಬರೆಯುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ನಮ್ಮ ತಾಯಿ ನಾಲ್ಕನೆಯ ತರಗತಿಯವರೆಗೂ ನಮ್ಮ ತಂದೆ ಏಳನೆಯ ತರಗತಿಯವರೆಗೂ ಓದಿದವರು. ಅಜ್ಜಿಗೆ ಅಕ್ಷರವೇ ಬಾರದು. ಆದ್ದರಿಂದ ಶೈಲಿಯಲ್ಲಿ ಓರೆಕೋರೆ ಕಂಡರೆ ಓದುವವರು ಮನ್ನಿಸಬೇಕು. ವಿಷಯ ಮಾತ್ರ ನನ್ನದೇ, ಅಥವಾ ನಮ್ಮ ಅಜ್ಜಿಯದು. ಅರ್ಧದಷ್ಟು ಪೋಲೆಂಡ್ ದೇಶದ ಒಬ್ಬ ಹೆಂಗಸಿನದು.

ಆರಂಭವಾದದ್ದು ಚರಿತ್ರೆಯ ತರಗತಿಯಲ್ಲಿ. ಊಟವಾದ ಮೇಲಿನ ಗಂಟೆ. ಮುಂದಿನ ಎರಡು ಬೆಂಚಿನವರು ಎಚ್ಚರವಾಗಿದ್ದೆವು ಅಷ್ಟೆ. ಅಧ್ಯಾಪಕರು ಪೂರ್ವ ಯುರೋಪಿನ ಪಾಠ ಹೇಳುತ್ತಿದ್ದರು. 1980ನೆಯ ಇಸವಿ ಆಗಸ್ಟ್ 14ರಂದು ಗ್ದಾನ್ಸ್ಕ್ ಎಂಬ ಬಂದರಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಕೆಲಸದಿಂದ ಹಿಂದೆಯೇ ತೆಗೆಯಲ್ಪಟ್ಟಿದ್ದ ಒಬ್ಬ ವಿದ್ಯುತ್ ಕೆಲಸಗಾರ ಗೋಡೆ ಹತ್ತಿ ಒಳಗೆ ಹೋಗಿ ಮುಂದಾಳಾದ. ಆಗಸ್ಟ್ 31ಕ್ಕೆ ಸರ್ಕಾರ ಒಪ್ಪಂದಕ್ಕೆ ಬಂತು. 'ಸಾಲಿಡಾರಿಟಿ' ಎಂಬ ಸಂಘ ಹುಟ್ಟಿ, ಸುಮಾರು ಒಂದು ಕೋಟಿ ಜನ ಅದರ ಸದಸ್ಯರಾದರು. ಆ ವಿದ್ಯುತ್ ಕೆಲಸಗಾರನೇ ಹತ್ತು ವರ್ಷದ ಮೇಲೆ ಆ ದೇಶದ ಅಧ್ಯಕ್ಷನಾದ. ಹೆಸರು ಲೆಖ್ ವಾವೆನ್ಸಾ. ನಮ್ಮ ಪತ್ರಿಕೆಗಳಲ್ಲಿ ಆತನ ಹೆಸರನ್ನು 'ವಲೇಸಾ' ಎಂದು ಬರೆಯುತ್ತಿದ್ದರಂತೆ.

"ಇವರಿಗೆ ಎಂಟು ಮಕ್ಕಳು" ಎಂದು ಅಧ್ಯಾಪಕರು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಎದ್ದು ನಿಂತು, "ಸಾರ್, ಅವರು ಮುಷ್ಕರದಲ್ಲಿದ್ದಾಗ ಮಕ್ಕಳನ್ನು ನೋಡಿಕೊಂಡವರು ಯಾರು?" ಎಂದೆ. ಈಗ ನಗು ನನ್ನ ಕಡೆಗೇ ತಿರುಗಿತು. ಅಧ್ಯಾಪಕರು ನಗಲಿಲ್ಲ. "ಪ್ರಶ್ನೆಪತ್ರಿಕೆಯಲ್ಲಿ ಬರುವ ಪ್ರಶ್ನೆ ಅಲ್ಲ ಇದು" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನ್ನೇ ಒಂದು ಪ್ರಶ್ನೆ ಕೇಳಿದರು: "ಈ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಿಂದ ಹೋಗಿ ಮುಖ್ಯಮಂತ್ರಿಯಾದವರು ಯಾರು?"

ಅದು ಯಾರಿಗೆ ಗೊತ್ತಿಲ್ಲ! ಇಡೀ ತರಗತಿ ಒಂದೇ ಕಂಠದಲ್ಲಿ "ಜೆ. ಎಚ್. ಪಟೇಲರು" ಎಂದಿತು. 1967ರಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದವರೆಂದು ಒಬ್ಬ ಹೇಳಿದ. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆಗೆ ಹೋದವರೆಂದು ಇನ್ನೊಬ್ಬ ಹೇಳಿದ. 1997ರಲ್ಲಿ ದಾವಣಗೆರೆ ಜಿಲ್ಲೆಯನ್ನು ಮಾಡಿದವರೆಂದು ಮೂವರು ಒಟ್ಟಿಗೆ ಕೂಗಿದರು. ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಬಂದು ಒಂದೇ ಮನೆಯವರಾದದ್ದು ಆಗಲೇ ಅಲ್ಲವೆ?

"ಸರಿ, ಅವರ ಪತ್ನಿಯ ಹೆಸರೇನು?"

ತರಗತಿ ನಿಶ್ಶಬ್ದವಾಯಿತು. ಕಾರಿಗನೂರಿನ ದಾರಿಯಲ್ಲೇ ದಿನವೂ ಬಂದುಹೋಗುವ ಹುಡುಗರೂ ಕಿಟಕಿಯ ಕಡೆ ನೋಡಿದರು. "ಸರ್ವಮಂಗಳಮ್ಮ" ಎಂದು ಅಧ್ಯಾಪಕರೇ ಹೇಳಿ, "ಪೋಲೆಂಡಿನಾಕೆಯ ಹೆಸರು ದಾನುತಾ. ಬೇಕಾದವರು ಹುಡುಕಿ ಓದಿಕೊಳ್ಳಿ" ಎಂದು ಪಾಠವನ್ನು ಮುಂದುವರಿಸಿದರು. ನಮ್ಮ ತಾಲ್ಲೂಕಿನ ಸೂಳೆಕೆರೆಯನ್ನು ಕಟ್ಟಿಸಿದಳೆಂದು ಐತಿಹ್ಯದಲ್ಲಿ ಹೇಳುವ ಶಾಂತವ್ವನ ಹೆಸರು ಮಾತ್ರ ನಮಗೆ ಗೊತ್ತಿದೆ; ಕೆರೆ ಕಣ್ಣೆದುರಿಗಿದೆಯಷ್ಟೆ.

ಬೇಕಾದವಳು ನಾನಾಗಿದ್ದೆ. ವಿದ್ಯಾರ್ಥಿನಿಲಯದಲ್ಲಿ ರಾತ್ರಿ ದೀಪ ಆರಿಸಿದ ಮೇಲೆ, ಫೋನನ್ನು ಹೊದಿಕೆಯೊಳಗಿಟ್ಟುಕೊಂಡು, ಇಂಗ್ಲಿಷಿನ ಕಷ್ಟದ ಪದಗಳಿಗೆ ಅರ್ಥ ಹುಡುಕುತ್ತ, ಆಕೆಯ ವಿಷಯವನ್ನು ಓದಿದೆ. ಅಧ್ಯಾಪಕರು ಒಂದು ಶನಿವಾರ ತಮ್ಮ ಲ್ಯಾಪ್‌ಟಾಪಿನಲ್ಲಿ ಆಂದ್ರೇ ವೈದಾ ಎಂಬ ನಿರ್ದೇಶಕರು 2013ರಲ್ಲಿ ವಾವೆನ್ಸಾ ಕುರಿತು ತೆಗೆದ ಚಲನಚಿತ್ರವನ್ನೂ ನಾಲ್ಕೈದು ಜನರಿಗೆ ತೋರಿಸಿದರು. ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ದಾನುತಾ ಹುಟ್ಟಿದ್ದು 1949ನೆಯ ಇಸವಿ ಫೆಬ್ರವರಿ 25ರಂದು, ಕ್ರಿಪಿ ಎಂಬ ಹಳ್ಳಿಯಲ್ಲಿ. ತಂದೆತಾಯಿ ಒಕ್ಕಲುತನದವರು. ಮನೆಯಲ್ಲಿ ಒಂಬತ್ತು ಮಕ್ಕಳು. ದೊಡ್ಡವರು ಚಿಕ್ಕವರನ್ನು ಎತ್ತಿಕೊಂಡು ಬೆಳೆಸುವ ಮನೆ ಎಂದರೆ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1968ರಲ್ಲಿ, ಹಳ್ಳಿಯನ್ನು ಬಿಟ್ಟು ಗ್ದಾನ್ಸ್ಕ್ ಪಟ್ಟಣಕ್ಕೆ ಬಂದು ಹೂವಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಲೆಖ್‌ನನ್ನು ಕಂಡದ್ದು ಆ ಅಂಗಡಿಯಲ್ಲಿಯೇ. 1969ರ ನವೆಂಬರ್ 8ರಂದು ಮದುವೆಯಾಯಿತು. ಇನ್ನೊಂದು ಸಂಗತಿ. ಆಕೆಯ ಮೊದಲ ಹೆಸರು ಮಿರೋಸ್ವಾವಾ. 'ದಾನುತಾ' ಎರಡನೆಯ ಹೆಸರು. ಗಂಡನಿಗೆ ಹಿಡಿಸಿದ್ದು ಎರಡನೆಯದು. ಆದ್ದರಿಂದ ಅದೇ ನಿಂತಿತು. ಲೋಕಕ್ಕೆ ಗೊತ್ತಿರುವುದೂ ಅದೇ.

ಮದುವೆಯಾದ ಮರುವರ್ಷವೇ ಮೊದಲ ಮಗು. ಆ ವರ್ಷದ ಡಿಸೆಂಬರಿನಲ್ಲಿ ಆಹಾರ ಪದಾರ್ಥಗಳ ಬೆಲೆಯೇರಿ ಬಂದರು ಪಟ್ಟಣಗಳಲ್ಲಿ ಗಲಭೆಯಾಗಿ, ಗುಂಡೇಟಿಗೆ ಕೆಲಸಗಾರರು ಸತ್ತರು. ಅಂದಿನಿಂದ ಗಂಡ ಮನೆಗೆ ಪೂರ್ತಿಯಾಗಿ ಸೇರಿದವನಲ್ಲ. 1976ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಬಂಧಿಸುವರು, ಬಿಡುವರು, ಮತ್ತೆ ಬಂಧಿಸುವರು. ಎರಡು ಕೋಣೆಯ ಮನೆ, ಎರಡೆರಡು ವರ್ಷಕ್ಕೊಂದು ಬಾಣಂತನ. ಗೋಡೆ ಹತ್ತಿದ ಆ ಪ್ರಸಿದ್ಧ ದಿನಕ್ಕೆ ಆರನೆಯ ಮಗು ಹುಟ್ಟಿ ಕೆಲವೇ ದಿನಗಳಾಗಿದ್ದವು. ಅಂದರೆ ಪೋಲೆಂಡಿನ ಚರಿತ್ರೆ ತಿರುಗಿದ ದಿನ ಆ ಮನೆಯಲ್ಲಿ ಒಬ್ಬ ಹಸಿ ಬಾಣಂತಿಯೂ ಆರು ಮಕ್ಕಳೂ ಇದ್ದರು. ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ 'ಸಾಲಿಡಾರಿಟಿಯ ಕಾರಣಗಳು' ಎಂಬ ಶೀರ್ಷಿಕೆಯ ಕೆಳಗೆ ಏಳನೆಯ ಅಂಶವಾಗಿ ಬರೆದುಕೊಂಡಿದ್ದೇನೆ. ಪರೀಕ್ಷಕರು ಅಂಕ ಕೊಡುವರೋ ಇಲ್ಲವೋ ನೋಡಬೇಕು.

1981ರ ಡಿಸೆಂಬರ್ 13ರಂದು ದೇಶದಲ್ಲಿ ಸೈನಿಕ ಆಡಳಿತ ಬಂತು. ಗಂಡನನ್ನು ಹಿಡಿದೊಯ್ದು ಒಂದೆಡೆಯಿಂದ ಒಂದೆಡೆಗೆ ಸಾಗಿಸಿ, ಕೊನೆಗೆ ಸೋವಿಯತ್ ಗಡಿಯ ಸಮೀಪದಲ್ಲಿ ಇಟ್ಟರು. ಮರುತಿಂಗಳು ಏಳನೆಯ ಮಗು ಹುಟ್ಟಿತು. ತಂದೆ ಇಲ್ಲದೆಯೇ ನಾಮಕರಣ ನಡೆಯಿತು. ಆ ನಾಮಕರಣಕ್ಕೆ ಕರೆಯದೆಯೇ ಸಾವಿರಾರು ಜನ ಬಂದರಂತೆ. ಸಭೆ ಸೇರಬಾರದೆಂಬ ಕಾಲದಲ್ಲಿ ಒಂದು ಕೂಸಿನ ನಾಮಕರಣವೇ ಸಭೆಯಾಯಿತು. ಗಂಡ ಬಿಡುಗಡೆಯಾಗಿ ಬಂದದ್ದು 1982ರ ನವೆಂಬರಿನಲ್ಲಿ.

1983ರಲ್ಲಿ ನೊಬೆಲ್ ಶಾಂತಿ ಪಾರಿತೋಷಿಕ ಬಂತು. ತಾನು ದೇಶ ಬಿಟ್ಟು ಹೋದರೆ ಮತ್ತೆ ಒಳಕ್ಕೆ ಬಿಡಲಿಕ್ಕಿಲ್ಲವೆಂಬ ಭಯದಿಂದ ಲೆಖ್ ಹೋಗಲಿಲ್ಲ. ಡಿಸೆಂಬರ್ 10ರಂದು ಓಸ್ಲೋ ನಗರದ ಸಭೆಯಲ್ಲಿ ದೊರೆಗಳ ಮುಂದೆ ನಿಂತವಳು ಹೂವಿನಂಗಡಿಯ ದಾನುತಾ, ಜೊತೆಯಲ್ಲಿ ಹದಿಮೂರು ವರ್ಷದ ಹಿರಿಯ ಮಗ. ಗಂಡ ಬರೆದುಕೊಟ್ಟ ಮಾತುಗಳನ್ನು ಆಕೆ ಓದಿದಳು. ಗಂಡ ಊರಿನಲ್ಲಿ ರೇಡಿಯೋದ ಮುಂದೆ ಕುಳಿತು ಕೇಳಿದ. ಅಲ್ಲಿಯವರೆಗೆ ಆಕೆಯ ಕೆಲಸ ಕಾಯುವುದಾಗಿತ್ತು. ಅಂದೊಂದು ದಿನ ಗಂಡ ಕಾದ.

1990ರ ಡಿಸೆಂಬರ್ 22ರಂದು ಲೆಖ್ ವಾವೆನ್ಸಾ ಅಧ್ಯಕ್ಷನಾದ. ಐದು ವರ್ಷ ಆಳಿದ. ದಾನುತಾ ದೇಶಕ್ಕೇ ಪ್ರಥಮ ಮಹಿಳೆ. ಆದರೆ ಆಕೆ ರಾಜಧಾನಿ ವಾರ್ಸಾಗೆ ಮನೆ ಸಾಗಿಸಲಿಲ್ಲ. ಮುನ್ನೂರು ಕಿಲೋಮೀಟರಿಗೂ ದೂರದ ಗ್ದಾನ್ಸ್ಕ್‌ನಲ್ಲಿಯೇ ಮಕ್ಕಳನ್ನು ಶಾಲೆಗೆ ಕಳುಹಿಸುತ್ತ ಉಳಿದಳು. ಬೇಕಾದಾಗ ಹೋಗಿ ಅತಿಥಿಗಳ ನಡುವೆ ನಿಂತು ಬರುತ್ತಿದ್ದಳು. ಇಂಗ್ಲೆಂಡಿನ ರಾಣಿಯ ಅರಮನೆಗೂ ಹೋಗಿಬಂದಳು. ಈ ಐದು ವರ್ಷದ ವಿಷಯ ನನಗೆ ಅಷ್ಟು ರುಚಿಸಲಿಲ್ಲ. ಅರಮನೆಯ ಸಂಗತಿ ಎಲ್ಲಾ ದೇಶದಲ್ಲೂ ಒಂದೇ ತರಹ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಹಳ ಮುಂದಿನ ಸಂಗತಿ. 2011ರಲ್ಲಿ, ಅರುವತ್ತೆರಡನೆಯ ವಯಸ್ಸಿನಲ್ಲಿ, ಆಕೆ ತನ್ನ ಆತ್ಮಕಥೆಯನ್ನು ಪ್ರಕಟಿಸಿದಳು. ಅದರ ಹೆಸರು ಕನ್ನಡದಲ್ಲಿ 'ಕನಸುಗಳು ಮತ್ತು ಗುಟ್ಟುಗಳು' ಎಂದಾಗುತ್ತದೆ. ಗಂಡನನ್ನು ದೇಶಕ್ಕೆ ಕೊಟ್ಟವಳ ಒಂಟಿತನ, ಹೇಳದೆ ಕೇಳದೆ ಮನೆ ತುಂಬುತ್ತಿದ್ದ ಅಪರಿಚಿತರು, ಮನೆಯಲ್ಲಿದ್ದರೂ ಇಲ್ಲದವನಂತಿದ್ದ ಗಂಡ, ಎಲ್ಲವೂ ಅದರಲ್ಲಿ ಇದೆಯಂತೆ. ಪೋಲೆಂಡಿನ ಹೆಂಗಸರು ಮುಗಿಬಿದ್ದು ಕೊಂಡು ಓದಿದರು. ಮರುವರ್ಷ ಕ್ರಿಸ್ತಿನಾ ಯಾಂದಾ ಎಂಬ ಪ್ರಸಿದ್ಧ ನಟಿ ಅದನ್ನು ಒಬ್ಬಳೇ ನಿಂತು ಆಡುವ ನಾಟಕವಾಗಿ ರಂಗಕ್ಕೆ ತಂದಳು. ಒಂದು ದೇಶದ ವೀರನ ಕಥೆಯನ್ನು ಎಲ್ಲರೂ ಬರೆದು ಮುಗಿಸಿದ ಮೇಲೆ, ಅಡುಗೆಮನೆಯಿಂದ ಇನ್ನೊಂದು ಪ್ರತಿ ಹೊರಬಂತು.

ದಸರಾ ರಜೆಗೆ ಊರಿಗೆ ಹೊರಟೆ. ಚನ್ನಗಿರಿಯಿಂದ ಒಂದು ಬಸ್ಸು. ತುಂಗಭದ್ರೆಯನ್ನು ದಾಟಿ ಹೊನ್ನಾಳಿ. ಅಲ್ಲಿಂದ ನ್ಯಾಮತಿಗೆ ಮತ್ತೊಂದು. ಅಲ್ಲಿಂದ ನಮ್ಮ ಹಳ್ಳಿಗೆ ಸಿಕ್ಕಿದ್ದೇ ವಾಹನ. ನ್ಯಾಮತಿ ಈಚೆಗೆ ತಾಲ್ಲೂಕಾಗಿದೆ. ಅಜ್ಜಿಯ ಮಟ್ಟಿಗೆ ಈಗಲೂ ಕಚೇರಿ ಎಂದರೆ ಹೊನ್ನಾಳಿಯೇ. ಅವಳ ತವರು ಜಗಳೂರು ಸೀಮೆ. ಮಳೆ ನೋಡಿ ಬಿತ್ತುವ, ಕೊಡ ಹೊತ್ತು ನೀರು ತರುವ ಸೀಮೆ. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಈ ಕಡೆಗೆ ಬಂದವಳು. ಹೊಳೆಯಲ್ಲಿ ನೀರು ಸುಮ್ಮನೆ ಹರಿದುಹೋಗುವುದನ್ನು ಕಂಡು ಅತ್ತಿದ್ದಳೆಂದು ಮನೆಯಲ್ಲಿ ಹಾಸ್ಯ ಮಾಡುವುದುಂಟು.

ಜೋಳದ ತೆನೆ ಬಿಡಿಸುತ್ತ ಕುಳಿತಿದ್ದಾಗ ಅವಳಿಗೆ ಈ ಕಥೆಯನ್ನು ಹೇಳಿದೆ. ದಾನುತಾ ಎಂಬ ಹೆಸರು ಅಜ್ಜಿಯ ಬಾಯಲ್ಲಿ ಎರಡು ನಿಮಿಷವೂ ಉಳಿಯಲಿಲ್ಲ. "ದಾನಮ್ಮ ಅನ್ನು. ಗುಡ್ಡಾಪುರದ ದಾನಮ್ಮ ಇಲ್ವ, ಹಂಗೆ" ಎಂದಳು. ಅಲ್ಲಿಂದ ಮುಂದೆ ಆಕೆ ದಾನಮ್ಮನೇ ಆದಳು.

ಅಜ್ಜಿ ಕೇಳಿದ ಪ್ರಶ್ನೆಗಳು ನಮ್ಮ ತರಗತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಎಂಟು ಬಾಣಂತನಕ್ಕೂ ತವರಿಗೆ ಹೋದ್ಲಾ, ಅತ್ತೆ ಮಾಡಿದ್ಲಾ?" "ಗಂಡ ಜೈಲಾಗಿದ್ದಾಗ ದಿನಸಿ ಯಾರು ಕೊಟ್ರು, ಉದ್ರಿ ಸಿಗ್ತಿತ್ತಾ?" "ಮನಿಗೆ ಬಂದ ಜನಕ್ಕೆಲ್ಲ ಚಾ ಕಾಸಿದೋರು ಯಾರು?" ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಹೆಸರು ಬದಲಾದ ಸಂಗತಿಗೆ ಬಂದಾಗ ಅಜ್ಜಿ ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟಳು. "ನಂದೂ ಹಂಗೆ ಆತು. ನಮ್ಮತ್ತೆ ಹೆಸರೂ ನನ್ನ ಹೆಸರೂ ಒಂದೇ ಇತ್ತು. ಅತ್ತೆ ಹೆಸರು ಹಿಡಿದು ಸೊಸೀನ ಕರಿಯಾಕೆ ಬರ್ತದಾ? ಧಾರೆ ದಿನಾನೇ ಬದಲಿ ಮಾಡಿದ್ರು. ಒಂದು ವರ್ಷ ಯಾರಾದ್ರೂ ಕರದ್ರೆ ನಂಗೆ ತಿಳೀತಿರಲಿಲ್ಲ. ಸೊಸೆ ಕಿವುಡಿ ಅಂದ್ಕಂಡಿದ್ರು."

ಇಪ್ಪತ್ತು ವರ್ಷ ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು ನಾನು. ಅಜ್ಜಿಗೆ ಬೇರೊಂದು ಹೆಸರಿತ್ತೆಂದು ನನಗೆ ತಿಳಿದದ್ದು ಅಂದು, ಪೋಲೆಂಡಿನ ಮೂಲಕ.

ಇಲ್ಲಿ ಅಜ್ಜನ ವಿಷಯ ಹೇಳಬೇಕು. ಪೋಲೆಂಡಿನಲ್ಲಿ ಮುಷ್ಕರ ನಡೆದ ಅದೇ 1980ರಲ್ಲಿ, ಅದಕ್ಕೆ ತಿಂಗಳೊಪ್ಪತ್ತಿನ ಹಿಂದೆ, ಜುಲೈ 21ರಂದು ನಮ್ಮ ನರಗುಂದದಲ್ಲಿ ರೈತರ ಮೇಲೆ ಗೋಲೀಬಾರಾಯಿತು. ಶಿವಮೊಗ್ಗ ಸೀಮೆಯಲ್ಲಿ ಕಬ್ಬು ಬೆಳೆಗಾರರು ಮೊದಲೇ ಸಂಘಟಿತರಾಗಿದ್ದರು. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊಫೆಸರ್ ನಂಜುಂಡಸ್ವಾಮಿ ಮೊದಲಾದವರು ಸೇರಿ ರಾಜ್ಯ ರೈತಸಂಘವನ್ನು ಕಟ್ಟಿದರು. ಹಸಿರು ಶಾಲು ಹಳ್ಳಿ ಹಳ್ಳಿಗೆ ಬಂತು. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಕೂಡದೆಂದು ಊರ ಬಾಗಿಲಲ್ಲಿ ಫಲಕಗಳೆದ್ದವು. ಜಪ್ತಿ ಮಾಡಿ ಒಯ್ದ ಸಾಮಾನುಗಳನ್ನು ರೈತರು ಗುಂಪಾಗಿ ಹೋಗಿ ಹಿಂದಕ್ಕೆ ತರುತ್ತಿದ್ದರು. ಅದಕ್ಕೆ 'ಮರುಜಪ್ತಿ' ಎಂದು ಹೆಸರು. 1983ರಲ್ಲಿ ಗುಂಡೂರಾಯರ ಸರ್ಕಾರ ಸೋಲುವುದಕ್ಕೆ ಈ ಚಳವಳಿಯೂ ಒಂದು ಕಾರಣವೆಂದು ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ಹೇಳುತ್ತಾರೆ.

ನಮ್ಮಜ್ಜ ಹಸಿರು ಶಾಲು ಹೊದ್ದವರಲ್ಲಿ ಒಬ್ಬರು. ನಾಲ್ಕು ಸಲ ಸೆರೆಮನೆ ಕಂಡವರು. ಮರುಜಪ್ತಿಯಲ್ಲಿ ಯಾರದೋ ಮನೆಯ ತಾಮ್ರದ ಹಂಡೆಯನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ತಂದ ಕಥೆಯನ್ನು ನಾವು ಮೊಮ್ಮಕ್ಕಳು ಹಾಡಿನಂತೆ ಕಲಿತಿದ್ದೆವು. ಆ ಕಥೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು: "ಊರಾಗೆ ಎಲ್ಲರ ಮನೀಗೂ ನೋಟೀಸು ಬಂತು, ನಮ್ಮ ಮನಿ ಹೊಸ್ತಿಲು ತುಳಿಯಾಕೆ ಅವರಿಗೆ ಧೈರ್ಯ ಬರಲಿಲ್ಲ." ಅಜ್ಜ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಜೊತೆಗಾರರಲ್ಲಿ ಉಳಿದಿರುವ ಮೂವರು ಮುದುಕರು ಈಚೆಗೆ ನಮ್ಮ ಮನೆಗೆ ಬಂದು, ರೈತ ಹುತಾತ್ಮರ ದಿನಕ್ಕೆ ಅಜ್ಜನ ಮೇಲೆ ನಾಲ್ಕು ಪುಟದ ಕಿರುಹೊತ್ತಗೆ ಅಚ್ಚು ಹಾಕಿಸುವುದಾಗಿಯೂ, ಓದಿದ ಹುಡುಗಿ ಮನೆಯಲ್ಲೇ ಇರುವುದರಿಂದ ನಾನೇ ಬರೆಯಬೇಕೆಂದೂ ಹೇಳಿಹೋಗಿದ್ದರು. ನಾನು ಬರೆದದ್ದೂ ಆಗಿತ್ತು. ಹೊಸ್ತಿಲು ತುಳಿಯಲು ಧೈರ್ಯ ಬಾರದ ಮಾತನ್ನು ದಪ್ಪ ಅಕ್ಷರದಲ್ಲಿ ಮೊದಲ ಪುಟಕ್ಕೇ ಹಾಕಿದ್ದೆ. ಅದನ್ನು ಓದಿ ಹೇಳಿದಾಗ ಅಜ್ಜಿ "ಚಲೋ ಐತೆ" ಎಂದಷ್ಟೆ ಹೇಳಿ ದನಕ್ಕೆ ನೀರಿಡಲು ಎದ್ದು ಹೋಗಿದ್ದಳು.

ಆ ನಾಲ್ಕು ಪುಟದಲ್ಲಿ ಅಜ್ಜಿ ಒಂದೇ ಕಡೆ ಬರುತ್ತಾಳೆ: 'ಶ್ರೀಯುತರು ಪತ್ನಿಯನ್ನೂ ಐವರು ಮಕ್ಕಳನ್ನೂ ಅಗಲಿದ್ದಾರೆ.' ಬರೆದವಳು ನಾನೇ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವಳೂ ನಾನೇ.

ಜೋಳದ ರಾಶಿಯ ಬಳಿಗೆ ಹಿಂತಿರುಗೋಣ. ಕಥೆಯಲ್ಲಿ ನಾನು ಚಲನಚಿತ್ರದ ಒಂದು ಭಾಗಕ್ಕೆ ಬಂದಿದ್ದೆ. ಪೊಲೀಸರು ಯಾವಾಗ ಹಿಡಿದೊಯ್ಯುವರೋ ತಿಳಿಯದ ದಿನಗಳು. ಅಪಾಯವಿರುವಾಗಲೆಲ್ಲ ಲೆಖ್ ಕೈಗಡಿಯಾರವನ್ನೂ ಮದುವೆಯ ಉಂಗುರವನ್ನೂ ಬಿಚ್ಚಿ ಹೆಂಡತಿಯ ಮುಂದಿಡುತ್ತಾನೆ. ತಾನು ಹಿಂದಿರುಗದಿದ್ದರೆ ಮಾರಿಕೊಳ್ಳಬೇಕೆಂದು ಹೇಳುತ್ತಾನೆ. ಚಿತ್ರ ನೋಡಿದವರೆಲ್ಲ ಆ ಭಾಗದಲ್ಲಿ ಕಣ್ಣೊರೆಸಿಕೊಂಡಿದ್ದೆವು. ಅಜ್ಜಿಯೂ ಕಣ್ಣೊರೆಸಿಕೊಳ್ಳುವಳೆಂದು ಮುಖ ನೋಡಿದೆ. ಅವಳ ಮುಖ ಬೇರೆಯೇ ಆಗಿತ್ತು.

"ಆ ದಾನಮ್ಮಗೆ ಮಾರು ಅಂತ ಗಂಡನೇ ಹೇಳಿದ. ನಂಗೆ ಯಾರೂ ಹೇಳಲಿಲ್ಲ" ಎಂದಳು.

"ಏನನ್ನ ಅಜ್ಜಿ?"

ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಒಳಕ್ಕೆ ಹೋದಳು. ತಗಡಿನ ಟ್ರಂಕಿನಿಂದ ಹಳೆಯ ಎಲೆಯಡಿಕೆ ಡಬ್ಬಿಯನ್ನು ತಂದಳು. ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬಟ್ಟೆ, ಬಟ್ಟೆಯೊಳಗೆ ನಾಲ್ಕಾಗಿ ಮಡಚಿದ ಕಾಗದ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. "ಓದು ಮಗಾ. ಇದರಾಗೆ ಎಲ್ಲಾ ತೀರೈತೆ ಅಂತ ಬರದೈತಾ ನೋಡು."

ಅದು ಸೊಸೈಟಿಯ ರಸೀತಿ. 1984ನೆಯ ಇಸವಿಯದು. ಅಸಲು ಬಡ್ಡಿ ಸೇರಿ 3,460 ರೂಪಾಯಿ. ಸಾಲ ಪೂರ್ತಿ ಸಂದಾಯ. ಕಟ್ಟಿದವರ ಹೆಸರಿನ ಜಾಗದಲ್ಲಿ ನಮ್ಮಜ್ಜನ ಹೆಸರು.

ನಮ್ಮ ಮನೆಯಲ್ಲಿ ಇನ್ನೊಂದು ಹಾಸ್ಯವುಂಟು. ಅಜ್ಜಿಯ ತವರಿನವರು ಕೊಟ್ಟಿದ್ದ ಎರಡು ತೊಲೆಯ ಅವಲಕ್ಕಿ ಸರವನ್ನು ಅವಳು ಉಚ್ಚಂಗಿದುರ್ಗದ ಜಾತ್ರೆಯ ನೂಕುನುಗ್ಗಲಿನಲ್ಲಿ ಕಳೆದುಕೊಂಡಳೆಂದು. ಅಜ್ಜ ಸಾಯುವವರೆಗೂ ಯಾರು ಜಾತ್ರೆಗೆ ಹೊರಟರೂ "ಕೊರಳು ಭದ್ರ, ಇವಳ ಹಂಗೆ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅಜ್ಜಿಯೂ ನಗುತ್ತಿದ್ದಳು.

ಸರ ಕಳೆದಿರಲಿಲ್ಲ. ಅಜ್ಜ ಮೂರನೆಯ ಸಲ ಸೆರೆಮನೆಗೆ ಹೋಗಿದ್ದಾಗ, ಪಕ್ಕದ ಹಳ್ಳಿಯಲ್ಲಿ ಎಮ್ಮೆಯನ್ನು ಜಪ್ತಿ ಮಾಡಿ ಎಳೆದೊಯ್ದ ಸುದ್ದಿ ಬಂತು. ನಮ್ಮ ಮನೆಯಲ್ಲಿ ಆಗ ಕರೆಯುವ ಎಮ್ಮೆ ಒಂದೇ. ಚಿಕ್ಕತ್ತೆ ಎಂಟು ತಿಂಗಳ ಕೂಸು. ಅಜ್ಜಿಗೆ ಎದೆಹಾಲು ಬತ್ತಿತ್ತು. "ಹಂಡೆ ಒಯ್ದಿದ್ರೆ ನಿಮ್ಮಜ್ಜ ತಿರುಗಿ ಹೊತ್ಕಂಡು ಬರ್ತಿದ್ರು. ಎಮ್ಮಿ ಹತ್ತು ದಿನ ಅಲ್ಲಿ ಕಟ್ಟಿದ್ರೆ ಹಾಲು ಬಿಡ್ತದಾ? ಕೂಸಿಗೆ ಏನು ಕುಡಿಸ್ಲಿ, ಘೋಷಣೆ ಕುಡಿಸ್ಲಾ?" ಜಾತ್ರೆಯ ನೆಪದಲ್ಲಿ ತವರಿಗೆ ಹೋದಳು. ಜಗಳೂರಿನಿಂದ ಅಣ್ಣನನ್ನು ಕರೆದುಕೊಂಡು ದಾವಣಗೆರೆಗೆ ಹೋಗಿ ಚಿನಿವಾರರ ಅಂಗಡಿಯಲ್ಲಿ ಸರವನ್ನು ಮಾರಿದಳು. ಅಣ್ಣನೇ ಬಂದು, ಕತ್ತಲಾಗುವ ಹೊತ್ತಿಗೆ, ಯಾರ ಕಣ್ಣಿಗೂ ಬೀಳದಂತೆ ಹಣ ಕಟ್ಟಿ ರಸೀತಿ ತಂದುಕೊಟ್ಟು ಹೋದ. ಸಾಲ ಕಟ್ಟಬಾರದೆಂದು ಊರೂರಿಗೆ ಭಾಷಣ ಮಾಡುತ್ತಿದ್ದವರ ಮನೆಯ ಸಾಲ ಹೀಗೆ ತೀರಿತು. ನಮ್ಮ ಹೊಸ್ತಿಲನ್ನು ಯಾರೂ ತುಳಿಯದೆ ಇದ್ದುದಕ್ಕೆ ಕಾರಣ, ತುಳಿಯಬೇಕಾದ ಬಾಕಿಯೇ ಉಳಿದಿರಲಿಲ್ಲ.

ಹಣ ಕಟ್ಟಿದ ಅಣ್ಣನೂ ಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ಓದು ಬಂದವರು ಯಾರಿಗೂ ರಸೀತಿಯನ್ನು ತೋರಿಸುವ ಹಾಗಿರಲಿಲ್ಲ. ತೋರಿಸಿದರೆ ಗುಟ್ಟು ಬಯಲು. ಆದ್ದರಿಂದ ಪೂರ್ತಿ ತೀರಿದೆಯೋ, ಅಣ್ಣ ತನಗೆ ಸಮಾಧಾನವಾಗಲೆಂದು ಹಾಗೆ ಹೇಳಿದನೋ, ಎಂಬ ಅನುಮಾನವನ್ನು ನಲವತ್ತು ವರ್ಷ ಡಬ್ಬಿಯಲ್ಲಿಟ್ಟುಕೊಂಡು ಕಳೆದಿದ್ದಾಳೆ. ನಾನು ಓದಿದೆ. "ಇನ್ನೊಂದ್ ಸಲ ಓದು" ಎಂದಳು. ಓದಿದೆ. ಮೂರನೆಯ ಸಲ ಅಂಕಿಯ ಮೇಲೆ ಅವಳ ಬೆರಳನ್ನಿಟ್ಟು ಓದಿದೆ. ಆಗ ಗಂಟಲು ಸರಿಮಾಡಿಕೊಂಡು, "ನಮ್ಮಣ್ಣ ಸುಳ್ಳು ಹೇಳಾನಲ್ಲ" ಎಂದಳು.

ಪಿ.ಯು.ಸಿ. ಆದ ಮೇಲೆ ನನ್ನ ಓದು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಗಂಡಿನ ಕಡೆಯವರು ಬಂದು ನೋಡಿಯೂ ಹೋಗಿದ್ದರು. ಆಗ ಅಜ್ಜಿ ಒಂದು ಹೊತ್ತು ಊಟ ಬಿಟ್ಟು, "ಅದು ಓದಲಿ" ಎಂದು ಹಟ ಹಿಡಿದಳು. ಏಕೆಂದು ಯಾರಿಗೂ ಹೇಳಲಿಲ್ಲ. ಮೊಮ್ಮಗಳ ಮೇಲಿನ ಮುದ್ದು ಎಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದಿದ್ದೆ.

ಕಿರುಹೊತ್ತಗೆಯ ಪ್ರತಿ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ದಪ್ಪ ಅಕ್ಷರದ ಆ ಮಾತನ್ನು ತೆಗೆದುಬಿಡುತ್ತೇನೆಂದೆ. ಅಜ್ಜಿ ಒಪ್ಪಲಿಲ್ಲ. "ತೆಗೀಬ್ಯಾಡ. ಆ ಮೂರು ಜನ ಅದನ್ನ ನಂಬ್ಕಂಡು ಮುದುಕರಾಗ್ಯಾರೆ. ನಿಮ್ಮಜ್ಜಗೂ ಧೈರ್ಯ ಇತ್ತು, ಅದೇನು ಸುಳ್ಳಲ್ಲ." ಅವಳ ಮಾತಿನಂತೆ ಅದನ್ನು ಉಳಿಸಿದ್ದೇನೆ. ಅಜ್ಜನ ಮೇಲೆ ನನಗೆ ಕೋಪ ಬಂತೆಂದು ಹೇಳಿದರೆ ಅರ್ಧ ಸತ್ಯ. ಅವರು ಊರಿಗಾಗಿ ಪಟ್ಟ ಪಾಡು ಸುಳ್ಳಾಗುವುದಿಲ್ಲ. ಹಂಡೆ ಹೊತ್ತ ತಲೆ ಅವರದೇ. ಆದರೆ ಜಾತ್ರೆಯ ಹಾಸ್ಯಕ್ಕೆ ನಾನೂ ನಕ್ಕಿದ್ದೆನಲ್ಲ, ಆ ನಗು ಈಗ ಚುಚ್ಚುತ್ತದೆ. ನಮ್ಮ ಪಠ್ಯದಲ್ಲಿ ಈಸೂರಿನ ಹೋರಾಟದ ಪಾಠವಿದೆ. 1942ರಲ್ಲಿ ಸೆರೆಮನೆಗೆ ಹೋದ ಅಲ್ಲಿನ ಹೆಂಗಸರ ಮಾತು ಅದರಲ್ಲಿ ಬರುತ್ತದೆ. ಸೆರೆಮನೆಗೆ ಹೋದವರಿಗೆ ಲೆಕ್ಕ ಉಂಟು, ರಿಜಿಸ್ಟರು ಉಂಟು. ಎಮ್ಮೆ ಉಳಿಸಿದವರನ್ನು ಯಾವ ರಿಜಿಸ್ಟರಿನಲ್ಲಿ ಹುಡುಕಬೇಕು?

ಈ ಲೇಖನವನ್ನು ಬರೆಯಲೇ ಎಂದು ಕೇಳಿದ್ದಕ್ಕೆ ಅಜ್ಜಿ ಒಂದು ದಿನ ಯೋಚಿಸಿದಳು. ದಾನಮ್ಮನ ಪುಸ್ತಕ ಬಂದಾಗ ಅವಳ ಗಂಡ ಬದುಕಿದ್ದನೇ ಎಂದು ವಿಚಾರಿಸಿದಳು. ಬದುಕಿದ್ದನೆಂದೂ, ಪುಸ್ತಕ ಅವನಿಗೆ ಹಿಡಿಸಲಿಲ್ಲವೆಂದು ಪತ್ರಿಕೆಗಳಲ್ಲಿ ಬಂದಿತೆಂದೂ ಹೇಳಿದೆ. "ಅಬ್ಬಾ! ಎದ್ರಿಗೇ ಬರದ್ಲಾ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮರುದಿನ ಅಪ್ಪಣೆಯಾಯಿತು: "ಬರಿ. ಹಳೇದೂ ಬ್ಯಾಡ, ಹೊಸದೂ ಬ್ಯಾಡ, ನನ್ನ ಹೆಸರು ಮಾತ್ರ ಹಾಕಬ್ಯಾಡ. ಕಾಲೇಜಿನ ಪುಸ್ತಕ ಯಾರು ಓದ್ತಾರೆ ಬಿಡು." ಸಂಪಾದಕ ಮಂಡಲಿಯವರು ಈ ಕಡೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದಾಗಿ ಕೋರುತ್ತೇನೆ.

"ಅಪ್ಪ ಓದ್ತಾರೆ" ಎಂದೆ.

"ಓದ್ಲಿ. ಆ ಎಮ್ಮಿ ಹಾಲು ಅವನೂ ಕುಡದಾನೆ."

ರಜೆ ಮುಗಿದು ಹೊರಡುವ ದಿನ ಬಸ್ಸಿನವರೆಗೆ ಬಂದವಳು ಕಿಟಕಿಯ ಕೆಳಗೆ ನಿಂತು, ದಾನಮ್ಮ ಈಗ ಇದ್ದಾಳೋ ಇಲ್ಲವೋ ಎಂದು ಕೇಳಿದಳು. ಇದ್ದಾಳೆ, ಹೆಚ್ಚು ಕಡಿಮೆ ನಿನ್ನದೇ ವಯಸ್ಸು ಎಂದೆ. ಎಂಟು ಮಕ್ಕಳೂ ಚೆನ್ನಾಗಿದ್ದಾರೆಯೇ ಎಂದಳು. ಒಬ್ಬ ಮಗ 2017ರಲ್ಲಿ ತೀರಿಕೊಂಡನೆಂದೆ. ಅಜ್ಜಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬಸ್ಸು ಹೊರಟಾಗ ಸೆರಗಿನಿಂದ ಐವತ್ತು ರೂಪಾಯಿಯ ನೋಟನ್ನು ಬಿಚ್ಚಿ ಕಿಟಕಿಯೊಳಗೆ ತುರುಕಿದಳು.

ಸಂಚಿಕೆ ಹೊರಬಂದ ಮೇಲೆ ಒಂದು ಪ್ರತಿಯನ್ನು ಊರಿಗೆ ಒಯ್ಯಬೇಕು. ನಮ್ಮ ತಂದೆಯವರಿಗೆ ನಾನೇ ಓದಿ ಹೇಳುವುದೋ, ಅವರೇ ಓದಿಕೊಳ್ಳಲೆಂದು ಅಜ್ಜನ ಪಟದ ಕೆಳಗಿನ ಗೂಡಿನಲ್ಲಿ ಇಟ್ಟು ಸುಮ್ಮನಾಗುವುದೋ, ಇನ್ನೂ ತೋಚಿಲ್ಲ.